ಪದಚರ್ಚೆ: ಹಳಿ ಅಂದರೆ ಒಂದೋ, ಎರಡೋ?

ಗೆಳೆಯರೇ,

ಕಡಿಮೆ ಜಾಗದಲ್ಲಿ ಪುಟ್ಟ ಮಾದರಿ ರೈಲುದಾರಿ ಹಾಕಿಕೊಳ್ಳುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೇಜಿನ ಮೇಲೋ ಗೋಡೆಗೆ ಹೊಡೆದ ಹಲಗೆಯ ಮೇಲೋ ಹಿಡಿಸುವಂಥದ್ದು. ಬರವಣಿಗೆ ಸಾಗುತ್ತಿದೆ, ಆದರೆ ಕೆಲವು ಪದಗಳ ಹತ್ತಿರ ಬಂದಾಗ ನಿಂತುಬಿಡುತ್ತದೆ. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ನಮಗೆಲ್ಲ ಗೊತ್ತಿರುವ 'ಹಳಿ'ಯೇ.

'ಹಳಿಯಲ್ಲಿ ಬಿರುಕು' ಅಂದಾಗ ಹಳಿ ಎಂದರೆ ಒಂದೇ ಒಂದು ಉಕ್ಕಿನ ಪಟ್ಟಿ. 'ಗಾಡಿ ಎರಡನೇ ಹಳಿಗೆ ಬಂತು' ಅಂದಾಗ ಅದೇ ಪದಕ್ಕೆ ಜೋಡಿ ಪಟ್ಟಿ, ಸ್ಲೀಪರ್ ಎಲ್ಲ ಸೇರಿದ ಇಡೀ ದಾರಿ ಅನ್ನುವ ಅರ್ಥ. ಮಾತಾಡುವಾಗ ಇದರಿಂದ ತೊಂದರೆ ಇಲ್ಲ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಅಳತೆ ಬರೆಯುವಾಗ ಹಾಗಲ್ಲ. 'ಎರಡು ಹಳಿಗಳ ನಡುವಿನ ಅಂತರ' ಅಂತ ಬರೆದೆ ಅಂದುಕೊಳ್ಳಿ. ಓದುವವರು ಏನು ತಿಳಿಯಬೇಕು? ಎನ್ ಗೇಜ್ ಅನ್ನುವ ಪುಟ್ಟ ಮಾದರಿ ರೈಲಿನ ಬಗೆಯಲ್ಲಿ ಜೋಡಿ ಪಟ್ಟಿಗಳ ಒಳ ಅಂಚಿನಿಂದ ಒಳ ಅಂಚಿಗೆ 9 ಮಿ.ಮೀ. ಅದೇ ಎನ್‌ನಲ್ಲಿ ಕಾಟೊ ಕಂಪನಿಯ ಯೂನಿಟ್ರ್ಯಾಕ್ ಅನ್ನುವ ಸಿದ್ಧ ಹಳಿ ತುಂಡುಗಳನ್ನು ತೆಗೆದುಕೊಂಡರೆ ಒಳಗಿನ ತಿರುವಿನ ತ್ರಿಜ್ಯ 249 ಮಿ.ಮೀ., ಅದರ ಪಕ್ಕದ ತಿರುವಿನದು 282. ಅಂದರೆ ಒಂದು ದಾರಿಯ ನಡುವಿನಿಂದ ಇನ್ನೊಂದು ದಾರಿಯ ನಡುವಿಗೆ 33 ಮಿ.ಮೀ. ಈ 9 ಮತ್ತು 33 ಎರಡಕ್ಕೂ ನನ್ನ ವಾಕ್ಯ ಸರಿಯಾಗಿಯೇ ಹೊಂದುತ್ತದೆ! ಜಾಗ ಸಾಕಷ್ಟಿದ್ದರೆ ಹೇಗೋ ನಡೆಯುತ್ತದೆ. 60 ಸೆಂ.ಮೀ. ಅಗಲದ ಹಲಗೆಯಲ್ಲಿ ಒಂದೊಂದು ಮಿಲಿಮೀಟರಿಗೂ ಲೆಕ್ಕ ಇಡಬೇಕು.

ನನಗೆ ಹೊಳೆದ ದಾರಿ ಇದು. ಒಂಟಿ ಪಟ್ಟಿಗೆ 'ಕಂಬಿ', ಜೋಡಿಗೆ 'ಹಳಿ'. 'ರೈಲುಕಂಬಿ' ಕನ್ನಡದಲ್ಲಿ ಮೊದಲಿನಿಂದ ಇದೆ, ನಾನೇನೂ ಹೊಸದಾಗಿ ಕಟ್ಟಿದ್ದಲ್ಲ. (ಕಂಬಿ ಎಣಿಸುವುದು ಅಂದರೆ ಜೈಲು ನೆನಪಾಗುತ್ತದೆ ಅನ್ನುವವರು ಇರುತ್ತಾರೆ. ಇರಲಿ ಬಿಡಿ.) ಆಗ ಗೇಜ್ ಅಂದರೆ 'ಎರಡು ಕಂಬಿಗಳ ನಡುವಿನ ಅಂತರ', ಜೋಡಿ ದಾರಿಯ ಅಳತೆ 'ಎರಡು ಹಳಿಗಳ ನಡುವಿನ ಅಂತರ'. ತ್ರಿಜ್ಯವನ್ನು ಎಲ್ಲಿಯವರೆಗೆ ಅಳೆಯಬೇಕು ಅನ್ನುವುದೂ ಬಿಡಿಸಿಹೋಗುತ್ತದೆ: ಹಳಿಯ ನಡುವಿನವರೆಗೆ, ಅಂದರೆ ಎರಡು ಕಂಬಿಗಳ ಮಧ್ಯದವರೆಗೆ.

ಈ ಜೋಡಿ ನಿಜಕ್ಕೂ ಕೆಲಸಕ್ಕೆ ಬರುತ್ತದೋ ಅಂತ ನೋಡಲು ಒಂದು ಕಷ್ಟದ ಜಾಗ ಹುಡುಕಿದೆ. ಗಾಡಿ ಸುತ್ತು ಹಾಕಿ, ಮುಖ ತಿರುಗಿಸಿಕೊಂಡು ಬಂದ ದಾರಿಗೇ ವಾಪಸ್ ಸೇರುವ ಸುರುಳಿ ಇರುತ್ತದಲ್ಲ, ಅದು. ಸಾಮಾನ್ಯ ಡಿಸಿ ಕರೆಂಟಿನ ಎರಡು ಕಂಬಿಯ ಹಳಿಯಲ್ಲಿ ಒಂದು ಕಂಬಿ ಪ್ಲಸ್, ಇನ್ನೊಂದು ಮೈನಸ್. ಸುರುಳಿ ಸುತ್ತಿ ಬಂದಾಗ ಎಡಗಂಬಿ ಹೋಗಿ ಬಲಗಂಬಿಗೆ ಸೇರುತ್ತದೆ, ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಅದನ್ನು ತಡೆಯಲು ಸುರುಳಿಯ ಎರಡೂ ತುದಿಯಲ್ಲಿ ಎರಡೂ ಕಂಬಿಗಳಿಗೆ ಪ್ಲಾಸ್ಟಿಕ್ ಜಾಯಿನರ್ (ಕಂಬಿಯ ತುಂಡುಗಳನ್ನು ಜೋಡಿಸುವ ಕೊಂಡಿ) ಹಾಕಿ ಕರೆಂಟಿನ ಸಂಪರ್ಕ ಕಡಿಯಬೇಕು. ಇದನ್ನೇ ಬರೀ 'ಹಳಿ' ಇಟ್ಟುಕೊಂಡು ಬರೆದು ನೋಡಿ. 'ಎರಡೂ ತುದಿಯಲ್ಲಿ ಎರಡೂ ಹಳಿ' ಅಂದರೆ ಏನೂ ತಲೆಗೆ ಹೋಗುವುದಿಲ್ಲ.

'ಹಳಿ ತಪ್ಪಿತು' ಹೇಗಿದೆಯೋ ಹಾಗೇ ಇರಲಿ. ಅದನ್ನು ಮುಟ್ಟುವ ಆಸೆ ನನಗಿಲ್ಲ.

ಇನ್ನು ಸ್ಕೇಲ್ ಮತ್ತು ಗೇಜ್. ಇವೆರಡನ್ನೂ 'ಅಳತೆ' ಅಂತ ಬರೆದು ಮುಗಿಸಿರುವುದನ್ನು ನೋಡಿದ್ದೇನೆ. ಹಾಗೆ ಬರೆದರೆ ಖರೀದಿಗೆ ಹೊರಟವರ ಗತಿ ಮುಗಿಯಿತು. ಗೇಜ್ ಅಂದರೆ ಕಂಬಿಗಳ ಅಂತರ ಮಾತ್ರ. ಸ್ಕೇಲ್ ಅಂದರೆ ನಿಜವಾದ ವಸ್ತುವನ್ನು ಎಷ್ಟು ಪಾಲು ಕುಗ್ಗಿಸಿದ್ದಾರೆ ಅನ್ನುವುದು. ಎಚ್‌ಒ ಮತ್ತು ಡಬಲ್ ಓ ಅನ್ನುವ ಮಾದರಿ ರೈಲಿನ ಬಗೆಗಳು ಎರಡೂ 16.5 ಮಿ.ಮೀ. ಹಳಿಯ ಮೇಲೇ ಓಡುತ್ತವೆ. ಆದರೆ ಎಚ್‌ಒ 1:87, ಡಬಲ್ ಓ 1:76. ಗಾಡಿ ಓಡುತ್ತದೆ, ಸರಿ, ಆದರೆ ಪಕ್ಕದಲ್ಲಿ ನಿಂತ ಮನುಷ್ಯರು, ಮನೆಗಳು ಒಂದಕ್ಕೊಂದು ಹೊಂದುವುದಿಲ್ಲ. ಎನ್ ಇನ್ನೂ ವಿಚಿತ್ರ. 9 ಮಿ.ಮೀ. ಅನ್ನುವುದರಿಂದಲೇ ಆ ಹೆಸರು ಬಂದದ್ದು, ಆದರೆ ಯುರೋಪ್, ಅಮೆರಿಕದಲ್ಲಿ ಅದು 1:160, ಬ್ರಿಟನ್ನಿನಲ್ಲಿ 1:148, ಜಪಾನಿನಲ್ಲಿ ಹೆಚ್ಚಾಗಿ 1:150. ಬ್ರಿಟಿಷರು 'ಎನ್ ಗೇಜ್' ಅನ್ನುತ್ತಾರೆ, ಅಮೆರಿಕದವರು 'ಎನ್ ಸ್ಕೇಲ್'. ಸಾಲದ್ದಕ್ಕೆ ಅದೇ 9 ಮಿ.ಮೀ. ಹಳಿಯ ಮೇಲೆ 1:76ರ ಗಾಡಿ ಕೂರಿಸಿ ನ್ಯಾರೋ ಗೇಜ್ (ಕಿರಿದಾದ ಹಳಿಯ ರೈಲು) ಮಾಡಿಕೊಳ್ಳುವವರೂ ಇದ್ದಾರೆ. ಜಾಗ ಕಡಿಮೆ ಇರುವವರಿಗೆ ಅದು ಒಳ್ಳೆಯ ಉಪಾಯ: ತಿರುವು ಬಿಗಿಯಾಗಿರಬಹುದು, ಗಾಡಿ ಮಾತ್ರ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ.

ಗೇಜ್ ಪದವನ್ನು ಹಾಗೇ ಇಟ್ಟುಕೊಳ್ಳೋಣ. ಮೀಟರ್ ಗೇಜ್, ಬ್ರಾಡ್ ಗೇಜ್ ಎಲ್ಲರ ಬಾಯಲ್ಲೂ ಇದೆ. ಸ್ಕೇಲ್ ಮಾತ್ರ ಸ್ವಲ್ಪ ಕಷ್ಟ. ಕನ್ನಡದಲ್ಲಿ ಸ್ಕೇಲು ಅಂದರೆ ಮೊದಲು ಕಣ್ಣಿಗೆ ಬರುವುದು ಗೆರೆ ಎಳೆಯುವ ಪಟ್ಟಿ. 'ಪ್ರಮಾಣ' ಹಾಕೋಣ ಅಂದರೆ 'ಸಣ್ಣ ಪ್ರಮಾಣದ ರೈಲು' ಅಂತಾಗುತ್ತದೆ, ಏನೋ ಕಮ್ಮಿ ರೈಲು ಓಡಿಸಿದ ಹಾಗೆ. 'ಅನುಪಾತ' ಸರಿಯಾದ ಪದ, ಆದರೆ ಅದು ಗಣಿತದ ಪುಸ್ತಕದಿಂದ ಎದ್ದು ಬಂದಂತೆ ಕೇಳುತ್ತದೆ. ನಾನೀಗ ಸ್ಕೇಲ್ ಅಂತಲೇ ಬರೆದು, ಮೊದಲ ಸಲ ಬಂದಾಗ '160ರಲ್ಲಿ ಒಂದು ಪಾಲು' ಅಂತ ಬಿಡಿಸಿ ಹೇಳುತ್ತಿದ್ದೇನೆ. 20 ಮೀಟರ್ ಉದ್ದದ ಬೋಗಿ 160ರಲ್ಲಿ ಒಂದು ಪಾಲಾದರೆ 12.5 ಸೆಂ.ಮೀ. ಅದೇ 87ರಲ್ಲಿ ಒಂದು ಪಾಲಾದರೆ 23 ಸೆಂ.ಮೀ. 'ಪಾಲು' ಬಂದಾಗ ಇನ್ನೊಂದು ಗೊಂದಲವೂ ಹೋಗುತ್ತದೆ. 160 ದೊಡ್ಡ ಸಂಖ್ಯೆ, ಹಾಗಾದರೆ ಗಾಡಿ ದೊಡ್ಡದಾ ಅಂತ ಹೊಸಬರು ಕೇಳುತ್ತಾರೆ. ಪಾಲು ಜಾಸ್ತಿಯಾದಷ್ಟೂ ಚೂರು ಸಣ್ಣದು ಅನ್ನುವುದು ಎಲ್ಲರಿಗೂ ಗೊತ್ತು.

ಇಡೀ ಹವ್ಯಾಸಕ್ಕೆ ಏನು ಹೆಸರು? 'ಆಟಿಕೆ ರೈಲು' ಅಂದರೆ ಹವ್ಯಾಸಿಗಳಿಗೆ ಸಿಟ್ಟು ಬರುತ್ತದೆ. 'ಪುಟಾಣಿ ರೈಲು' ಅಂದರೆ ಮಕ್ಕಳನ್ನು ಕೂರಿಸಿಕೊಂಡು ಉದ್ಯಾನದಲ್ಲಿ ಸುತ್ತುವ ರೈಲು. 'ಮಾದರಿ ರೈಲು' ಉಳಿಯಿತು, ಅದನ್ನೇ ಬಳಸುತ್ತಿದ್ದೇನೆ. ಒಂದು ಎಚ್ಚರಿಕೆ ಮಾತ್ರ: 'ಮಾದರಿ ನಿಲ್ದಾಣ' ಅಂತ ಬರೆದರೆ ಉಳಿದವರು ನೋಡಿ ಕಲಿಯಬೇಕಾದ ಒಳ್ಳೆಯ ನಿಲ್ದಾಣ ಅನ್ನುವ ಅರ್ಥ ಬರುತ್ತದೆ. ಅಲ್ಲಿ 'ಪುಟ್ಟ ನಿಲ್ದಾಣ' ಸಾಕು. ಹಳಿ, ನಿಲ್ದಾಣ ಎಲ್ಲ ಸೇರಿದ ಇಡೀ ಜೋಡಣೆಗೆ ಇಂಗ್ಲಿಷಿನ ಲೇಔಟ್ ಅಂತೂ ನನಗೆ ಬೇಡವೇ ಬೇಡ. ಲೇಔಟ್ ಅಂದ ಕೂಡಲೇ ಸೈಟು ನೆನಪಾಗುತ್ತದೆ ಅಲ್ವಾ? 'ರೈಲುದಾರಿ' ಅಂತ ಬರೆಯುತ್ತಿದ್ದೇನೆ.

ಸಣ್ಣ ಜಾಗದ ರೈಲುದಾರಿಗೆ ಬಹಳ ಬೇಕಾದದ್ದು 'ಫಿಡ್ಲ್ ಯಾರ್ಡ್'. ನೋಡುವವರ ಕಣ್ಣಿಗೆ ಬೀಳದಂತೆ ಹಿನ್ನೆಲೆಗೆ ನಿಲ್ಲಿಸಿದ ಚಿತ್ರದ ಹಿಂದೆ ಒಂದಷ್ಟು ಹಳಿ. ಅಲ್ಲಿ ಕೈಯಿಂದಲೇ ಬೋಗಿ ಬದಲಿಸಿ, ಇಂಜಿನ್ ತಿರುಗಿಸಿ, ಗಾಡಿ ಸಿದ್ಧ ಮಾಡಿ ಮುಂದಕ್ಕೆ ಕಳಿಸುತ್ತಾರೆ. ಮುಂದೆ ಕಾಣುವುದು ಒಂದು ನಿಲ್ದಾಣ ಮಾತ್ರ, ಉಳಿದ ಜಗತ್ತೆಲ್ಲ ಆ ಮರೆಯಲ್ಲಿ. ಇದಕ್ಕೆ ನಾನು 'ಚೌಕಿ' ಅಂತ ಇಟ್ಟಿದ್ದೇನೆ. ಯಕ್ಷಗಾನದಲ್ಲಿ ವೇಷ ಕಟ್ಟಿಕೊಂಡು ರಂಗಸ್ಥಳಕ್ಕೆ ಹೊರಡುವ ಜಾಗ ಅದು, ಇಲ್ಲಿಯ ಕೆಲಸವೂ ಅದೇ. 'ಮರೆ ಯಾರ್ಡ್' ಅಂದರೆ ಅರ್ಥ ಬೇಗ ಆಗಬಹುದು, ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಚೌಕಿಯ ಕಡೆಗೇ.

ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ) ಬಗ್ಗೆ ಸ್ವಲ್ಪ. ಮಾದರಿ ರೈಲಿನ ಹವ್ಯಾಸಿ ಆಲನ್ ರೈಟ್ ಅವರ 'ಇಂಗಲ್‌ನುಕ್ ಸೈಡಿಂಗ್ಸ್' ಅನ್ನುವ ಶಂಟಿಂಗ್ ಆಟ, ಅಂದರೆ ಇಂಜಿನ್ನಿನಿಂದ ವ್ಯಾಗನ್‌ಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವ ಆಟ, ಕೇಳಿರಬಹುದು. ಎರಡು ಪಾಯಿಂಟ್ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ), ಮೂರು ಸೈಡಿಂಗ್. ಒಂದರಲ್ಲಿ 5 ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಇಂಜಿನ್ ನಿಲ್ಲುವ ಕಡೆ ಇಂಜಿನ್ ಜೊತೆಗೆ 3 ವ್ಯಾಗನ್. ಒಟ್ಟು 8 ವ್ಯಾಗನ್‌ಗಳಲ್ಲಿ 5ನ್ನು ಚೀಟಿ ಎತ್ತಿ, ಬಂದ ಸಾಲಿನಲ್ಲೇ ಜೋಡಿಸಬೇಕು. ಅಂಥ ಸಾಲುಗಳು 6,720 ಇವೆ. ಎನ್ ಸ್ಕೇಲಿನಲ್ಲಿ ಇದೆಲ್ಲ ಒಂದು ಮೀಟರ್ ಹಲಗೆಯ ಮೇಲೆ ಕೂರುತ್ತದೆ. ಸುತ್ತು ಹಾಕುವ ಜಾಗ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಇಲ್ಲಿಯ ಮೂರು ಸೈಡಿಂಗೂ ಒಂದು ತುದಿ ಮುಚ್ಚಿದವು. 'ಮೊಂಡು ಹಳಿ' ಅಂದರೆ ಹೇಗೆ? ಎರಡೂ ತುದಿ ತೆರೆದಿದ್ದರೆ ಅದು ಲೂಪ್ ಲೈನ್. ಮೇಲೆ ಹೇಳಿದ ಸುರುಳಿಯನ್ನೂ ಇಂಗ್ಲಿಷಿನಲ್ಲಿ ಲೂಪ್ ಅಂತಲೇ ಕರೆಯುತ್ತಾರೆ, ಅದಕ್ಕೇ ನಾನು 'ಸುರುಳಿ' ಬೇರೆ ಮಾಡಿಟ್ಟೆ.

ಪಾಯಿಂಟ್ ಹಾಗೇ ಇರಬಹುದು, ಬೇಕಾದರೆ 'ಕವಲು'. ಆದರೆ ಪಾಯಿಂಟಿನೊಳಗೆ ಕಂಬಿಗೆ ಕಂಬಿ ಅಡ್ಡ ಹಾಯುವ ಒಂದು ಚೂಪು ಜಾಗ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಹೆಸರು 'ಫ್ರಾಗ್'. ಕಪ್ಪೆಗೂ ಇದಕ್ಕೂ ಸಂಬಂಧ ಇಲ್ಲ. ಕುದುರೆ ಗೊರಸಿನ ಅಡಿಯಲ್ಲಿ ಮೂರು ಮೂಲೆಯ ಮೆತ್ತನೆಯ ಭಾಗ ಇರುತ್ತದೆ, ಅದರ ಹೆಸರು ಇಲ್ಲಿಗೆ ಬಂತು ಎನ್ನುತ್ತಾರೆ. ಈ ಜಾಗಕ್ಕೆ ಕರೆಂಟ್ ಕೊಡದ ಪಾಯಿಂಟುಗಳೂ ಇವೆ. ಪುಟ್ಟ ಶಂಟಿಂಗ್ ಇಂಜಿನ್ ನಿಧಾನವಾಗಿ ಬಂದು ಅಲ್ಲೇ ನಿಂತುಬಿಡುತ್ತದೆ. ಕರೆಂಟಿಲ್ಲದ ಆ ಜಾಗವನ್ನು 'ಡೆಡ್ ಫ್ರಾಗ್' ಅನ್ನುತ್ತಾರೆ. 'ಸತ್ತ ಕಪ್ಪೆಯ ಮೇಲೆ ಇಂಜಿನ್ ನಿಂತಿತು' ಅಂತ ಬರೆಯುವ ಧೈರ್ಯ ನನಗಿಲ್ಲ. ನಿಮ್ಮ ಪರಿಚಯದಲ್ಲಿ ಹಳಿ ಕೆಲಸ ಮಾಡಿದ ಹಿರಿಯರು ಯಾರಾದರೂ ಇದ್ದರೆ, ಅವರ ಬಾಯಲ್ಲಿ ಈ ಜಾಗಕ್ಕೆ ಏನು ಹೆಸರಿತ್ತು ಅಂತ ಕೇಳಿ ತಿಳಿಸುತ್ತೀರಾ? ಅದರ ಜೊತೆ, ಕೆಳಗಿನ ವಾಕ್ಯ ಒಂದೇ ಓದಿಗೆ ಅರ್ಥವಾಯಿತೋ ಇಲ್ಲವೋ ಅನ್ನುವುದನ್ನೂ ಬರೆಯಿರಿ:

'ಚೌಕಿಯಿಂದ ಬಂದ ಗಾಡಿ ಲೂಪಿನಲ್ಲಿ ನಿಂತ ಮೇಲೆ, ಇಂಜಿನ್ ಬಿಡಿಸಿಕೊಂಡು ಮೊಂಡು ಹಳಿಗೆ ಹೋಗಲಿ. ಅಲ್ಲಿ ಎಡಗಂಬಿಗೆ ಮಾತ್ರ ಪ್ಲಾಸ್ಟಿಕ್ ಜಾಯಿನರ್ ಹಾಕಿ ಸ್ವಿಚ್ ಕೊಡಿ.'