ಕಬಿನಿ ಹಿನ್ನೀರಿನ ದಡದಲ್ಲಿ ಟೆಂಟ್ ಹಾಕಬಹುದಾ? ಮಕ್ಕಳು, ಅಮ್ಮ ಜೊತೆಗಿದ್ದಾರೆ

ಪ್ರಶ್ನೆ (ಮಂಡ್ಯ)
ಏಪ್ರಿಲ್ ರಜೆಯಲ್ಲಿ ಎರಡು ರಾತ್ರಿಗೆ ನಾಗರಹೊಳೆ ಅಥವಾ ಬಂಡೀಪುರಕ್ಕೆ ಹೊರಟಿದ್ದೇವೆ. ಒಟ್ಟು ಐದು ಜನ. ಅಮ್ಮನಿಗೆ 68, ಮಂಡಿನೋವಿದೆ. ಮಕ್ಕಳಿಗೆ 9 ಮತ್ತು 5. ಟೆಂಟ್, ಗ್ಯಾಸ್ ಸ್ಟೌ ಎರಡೂ ಇವೆ. ಹಿನ್ನೀರಿನ ದಡದಲ್ಲೇ ಉಳಿದು ಅಡುಗೆ ಮಾಡಿಕೊಳ್ಳೋಕೆ ಯಾರ ಅನುಮತಿ ಬೇಕು?

ಉತ್ತರ 1
ಆ ಅನುಮತಿ ಸಿಗಲ್ಲ ಸರ್. ಎರಡೂ ಹುಲಿ ಸಂರಕ್ಷಿತ ಪ್ರದೇಶ, ಕೇಳದೆ ಒಳಗೆ ಉಳಿದರೆ ಕೇಸ್ ಆಗುತ್ತೆ. ಕಾನೂನು ಬಿಡಿ, ಜಾಗ ನೋಡಿ: ಬೇಸಿಗೆಯಲ್ಲಿ ಕಾಡೊಳಗಿನ ಕೆರೆಗಳು ಬತ್ತುತ್ತವೆ, ಹಿನ್ನೀರು ಇಳಿದ ಬಯಲಲ್ಲಿ ಎಳೆ ಹುಲ್ಲು ಚಿಗುರುತ್ತೆ, ಆನೆಗಳ ಹಿಂಡು ಅಲ್ಲಿಗೇ ಬರುತ್ತೆ. ನೀವು ಗೂಟ ಹೊಡೆಯೋ ಜಾಗವೇ ಅವುಗಳ ದಾರಿ. ಲಂಟಾನ ಪೊದೆಗಳು ಒಣಗಿ ನಿಂತಿರೋ ಹೊತ್ತಲ್ಲಿ ಸ್ಟೌ ಅಂತೂ ಬೇಡವೇ ಬೇಡ.

ಮಕ್ಕಳಿಗೆ ಟೆಂಟಲ್ಲೇ ಮಲಗೋ ಆಸೆ ಇದ್ದರೆ ಬಿಳಿಗಿರಿರಂಗನ ಬೆಟ್ಟದ ಕೆ.ಗುಡಿಯಲ್ಲಿ ಜಂಗಲ್ ಲಾಡ್ಜಸ್‌ನ (ರಾಜ್ಯ ಸರ್ಕಾರದ ರೆಸಾರ್ಟ್ ಸಂಸ್ಥೆ) ಟೆಂಟ್ ಕಾಟೇಜ್‌ಗಳಿವೆ, ಮಂಚ, ಬಾತ್‌ರೂಮ್ ಸಮೇತ. ನಿಮಗೆ ಇನ್ನೂ ಹತ್ತಿರ ಅಂದರೆ ಮಳವಳ್ಳಿ ಕಡೆಯ ಭೀಮೇಶ್ವರಿ. ಆದರೆ ಅಲ್ಲಿ ಕಾವೇರಿಯಲ್ಲಿ ಮೊಸಳೆಗಳಿವೆ, ಸುಳಿಗಳಿವೆ. ಮಕ್ಕಳನ್ನ ಪಾದ ತೊಳೆಯೋಕೂ ನೀರಿಗೆ ಬಿಡಬೇಡಿ.

ರೂಮ್ ಬುಕ್ ಮಾಡೋ ಮುಂಚೆ ಸಫಾರಿ ನಡೀತಿದೆಯಾ ಅಂತ ಕೇಳಿಕೊಳ್ಳಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗಳಾದ ಮೇಲೆ ನಾಗರಹೊಳೆ, ಬಂಡೀಪುರ ಎರಡರಲ್ಲೂ ನಿಲ್ಲಿಸಿದ್ದರು.

ಉತ್ತರ 2
ಸಮಯದ ಲೆಕ್ಕ ತಪ್ಪಬೇಡಿ. ಬಂಡೀಪುರ ಮೈಸೂರಿಂದ ಸುಮಾರು 80 ಕಿ.ಮೀ. ಕಾಡೊಳಗಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಾಗರಹೊಳೆ ಕಡೆ ಕೇರಳಕ್ಕೆ ಹೋಗೋ ಬಾವಲಿ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತೆ. ಪೆಟ್ರೋಲನ್ನ ಗುಂಡ್ಲುಪೇಟೆ ಅಥವಾ ಎಚ್.ಡಿ.ಕೋಟೆಯಲ್ಲೇ ತುಂಬಿಸಿ.

ಕಾರಲ್ಲಿ ಹಲಸಿನಹಣ್ಣು, ಬಾಳೆಗೊನೆ, ಬೆಲ್ಲ ಇಡಬೇಡಿ. ಏಪ್ರಿಲ್‌ನಲ್ಲಿ ಹಲಸಿನ ವಾಸನೆ ಆನೆಯನ್ನ ದೂರದಿಂದಲೇ ಕರೆಯುತ್ತೆ. ದಾರಿಗೆ ಪುಳಿಯೋಗರೆ, ಚಕ್ಕುಲಿ ಸಾಕು, ಅದನ್ನೂ ಕಾಡು ಶುರುವಾಗೋ ಮುಂಚೆ ತಿಂದು ಮುಗಿಸಿ. ಕೋತಿಗೆ ಒಂದು ಚೂರೂ ಹಾಕಬೇಡಿ. ತಿಂಡಿಗೋಸ್ಕರ ರಸ್ತೆಗೆ ಬಂದು ಚಕ್ರಕ್ಕೆ ಸಿಕ್ಕಿ ಸಾಯ್ತವೆ.

ರಸ್ತೆಯಲ್ಲಿ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರನ್ ಬೇಡ, ಇಳಿಯೋದು ಬೇಡ. ಕಿವಿ ಬೀಸ್ತಾ ಮೇಯ್ತಿದ್ದರೆ ಆರಾಮಾಗಿದೆ ಅಂತ. ಕಿವಿ ಅಗಲಿಸಿ ನಿಮ್ಮತ್ತ ತಿರುಗಿ ನಿಂತುಬಿಟ್ಟರೆ ನಿಧಾನವಾಗಿ ರಿವರ್ಸ್ ತಗೊಳ್ಳಿ. ಮರಿ ಜೊತೆಗಿದ್ದರೆ ಅಷ್ಟು ಹೊತ್ತೂ ಕಾಯಬೇಡಿ.

ಪ್ರಶ್ನೆ ಕೇಳಿದವರು
ಟೆಂಟ್ ಮನೇಲೇ ಇರಲಿ ಬಿಡಿ. ಅಮ್ಮ ಸಫಾರಿಗೆ ಬರಬಹುದಾ?

ಉತ್ತರ 3
ಬರಬಹುದು. ಹಿಂದಿನ ಸೀಟು ಕೇಳಲೇಬೇಡಿ, ಹಿಂಚಕ್ರದ ಮೇಲೆ ಎತ್ತೆತ್ತಿ ಹಾಕುತ್ತೆ. ಡ್ರೈವರ್ ಹಿಂದಿನ ಸಾಲು, ಬೆನ್ನಿಗೆ ಒಂದು ಸಣ್ಣ ದಿಂಬು. ನಡುವೆ ಇಳಿಯೋ ಹಾಗಿಲ್ಲ, ಆದ್ದರಿಂದ ಹೊರಡೋ ಮುಂಚೆ ಎಲ್ಲರೂ ಟಾಯ್ಲೆಟ್‌ಗೆ ಹೋಗಿಬನ್ನಿ. ಧೂಳಿಗೆ ತೆಳು ಟವೆಲ್ ಇರಲಿ.

ಮಕ್ಕಳಿಗೆ ಹುಲಿ ತೋರಿಸ್ತೀವಿ ಅಂತ ಮಾತು ಕೊಡಬೇಡಿ, ಕಿವಿಗೊಟ್ಟು ಕೇಳೋದು ಕಲಿಸಿ. ಜಿಂಕೆ, ಮುಸುವ ಎರಡೂ ಬಿಟ್ಟುಬಿಟ್ಟು ಕೂಗ್ತಿದ್ದರೆ ಹತ್ತಿರದಲ್ಲೇ ಹುಲಿಯೋ ಚಿರತೆಯೋ ಇರಬಹುದು.

ರೂಮಿಗೆ ಬಂದ ಮೇಲೆ ಉಣುಗು ಹತ್ತಿದೆಯಾ ನೋಡಿ: ಮಂಡಿಯ ಹಿಂಭಾಗ, ಸೊಂಟದ ಪಟ್ಟಿ, ಕಿವಿಯ ಹಿಂದೆ. ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ತಿರುಚಿದರೆ ಬಾಯಿ ಒಳಗೇ ಉಳಿಯಬಹುದು, ಬೆಂಕಿ ತಾಗಿಸೋದೂ ಬೇಡ. ಆಮೇಲೆ ಮಕ್ಕಳಿಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು ಎರಡನ್ನೂ ಡಾಕ್ಟರಿಗೆ ಮೊದಲು ಹೇಳಿ.