ಲೈಟ್ ಹಾಕಿದ ಕೂಡಲೇ ನಿಯಾನ್ ಟೆಟ್ರಾ ಮೀನುಗಳು ಬೆದರುತ್ತವೆ, ಏನು ಮಾಡಬೇಕು?

ಪ್ರಶ್ನೆ: ಎರಡಡಿ ಟ್ಯಾಂಕ್, 10 ನಿಯಾನ್ ಟೆಟ್ರಾ, ತಳದಲ್ಲಿ ಬಿಳಿ ಮರಳು. ಎಲ್‌ಇಡಿ ಬೆಳಿಗ್ಗೆ 7ರಿಂದ ರಾತ್ರಿ 11ರವರೆಗೆ ಉರಿಯುತ್ತದೆ. ಹಾಕಿದೊಡನೆ ಮೀನುಗಳು ಗಾಜಿಗೆ ಬಡಿದುಕೊಳ್ಳುತ್ತವೆ, ಬಣ್ಣವೂ ಮಂಕು. ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ.

ಉತ್ತರ 1: 16 ಗಂಟೆ ಬಹಳ ಹೆಚ್ಚಾಯಿತು ಸರ್. ಟೈಮರ್ ಹಾಕಿ 8 ಗಂಟೆಗೆ ಇಳಿಸಿ. ಮೀನಿಗೆ ರೆಪ್ಪೆಯಿಲ್ಲ, ಪಾಪೆಯೂ ನಮ್ಮದರಂತೆ ಥಟ್ಟನೆ ಕಿರಿದಾಗುವುದಿಲ್ಲ. ಕತ್ತಲಲ್ಲಿ ಏಕಾಏಕಿ ಬೆಳಕು ಬಿದ್ದರೆ ದಿಕ್ಕೆಟ್ಟು ಓಡುತ್ತದೆ. ಮೊದಲು ಕೋಣೆಯ ದೀಪ ಹಾಕಿ, ಅರ್ಧ ಗಂಟೆ ಬಿಟ್ಟು ಟ್ಯಾಂಕ್ ಲೈಟ್ ಹಾಕಿ. ರಾತ್ರಿ ಮೊದಲು ಟ್ಯಾಂಕಿನದು, ಆಮೇಲೆ ಕೋಣೆಯದು ಆರಿಸಿ.

ಉತ್ತರ 2: ಬಿಳಿ ಮರಳನ್ನೂ ಬದಲಿಸಿ, ಅದು ಬೆಳಕನ್ನು ಕೆಳಗಿನಿಂದಲೂ ಎರಚುತ್ತದೆ. ನಿಯಾನ್‌ಗಳು ಅಮೆಜಾನ್ ಕಾಡಿನ ನೆರಳಿನ ತೊರೆಗಳವು, ಅಲ್ಲಿ ಎಲೆ ಕೊಳೆತು ನೀರು ಕಂದಾಗಿರುತ್ತದೆ. ಕಪ್ಪು ಮರಳು, ಹಿಂಬದಿಗೆ ಕಪ್ಪು ಹಾಳೆ, ಮೇಲೆ ತೇಲುವ ಸಾಲ್ವೀನಿಯಾ ಗಿಡ. ಮೇಲ್ಮೈ ಅರ್ಧ ಮುಚ್ಚಿದರೆ ಸಾಕು. ಪೂರ್ತಿ ಮುಚ್ಚಿದರೆ ಕೆಳಗಿನ ಗಿಡಗಳು ಸೊರಗುತ್ತವೆ. ಹೆಚ್ಚಾದ ಸಾಲ್ವೀನಿಯಾವನ್ನು ದಯವಿಟ್ಟು ಕೆರೆಗೆ ಎಸೆಯಬೇಡಿ, ಇಡೀ ಕೆರೆಯನ್ನೇ ಆವರಿಸಿಬಿಡುತ್ತದೆ.

ಉತ್ತರ 3: ರಾತ್ರಿಯಿಡೀ ನೀಲಿ ಲೈಟ್ ಬಿಡುವ ಅಭ್ಯಾಸವಿದ್ದರೆ ಅದೂ ಬೇಡ. ಹಗಲು-ರಾತ್ರಿಯ ಲಯ ಕಾಯುವ ಹಾರ್ಮೋನ್ ಮೆಲಟೋನಿನ್ ಏರಲು ಕತ್ತಲೆ ಬೇಕು. ಲೈಟ್ ಹಾಕಿದಾಗ ಬಣ್ಣ ಮಂಕಾಗಿರುವುದು ಸಹಜ, ನಿಯಾನ್ ರಾತ್ರಿ ಬಣ್ಣ ಇಳಿಸಿಕೊಳ್ಳುತ್ತದೆ. ಮಧ್ಯಾಹ್ನವೂ ಮಂಕಾಗಿಯೇ ಇದ್ದರೆ ಒತ್ತಡ ಅಥವಾ ರೋಗವಿದೆಯೇ ನೋಡಿ.