ಅಪ್‌ಡೇಟ್: ನೋಟಿಸ್ ಪೀರಿಯಡ್‌ನಲ್ಲೇ ತೆಗೆದುಹಾಕಿದ್ದರಲ್ಲ, ಮುಂದೇನಾಯ್ತು ಅಂದ್ರೆ

ಹೋದ ತಿಂಗಳು ಕೇಳಿದ್ದೆ: ರಾಜೀನಾಮೆ ಕೊಟ್ಟು 60 ದಿನದ ನೋಟಿಸ್‌ನಲ್ಲಿದ್ದೆ, 37ನೇ ದಿನ ಮ್ಯಾನೇಜರ್ ಕರೆದು "ನಾಳೆಯಿಂದ ಬರಬೇಡಿ" ಅಂದ್ರು, ಉಳಿದ 23 ದಿನದ ಸಂಬಳ ಸಿಗುತ್ತಾ ಅಂತ. ಸಿಕ್ತು. ಸಲೀಸಾಗಿ ಅಲ್ಲ.

ಎಚ್‌ಆರ್ ಮೊದಲು ಹೇಳಿದ್ದು "ನೀವೇ ಬಿಟ್ಟು ಹೋಗ್ತಿದ್ರಲ್ಲ, ಇನ್ನೇನು ಕೊಡೋದು?" ಅಂತ. ನಾನೂ ಒಂದು ಕ್ಷಣ ಹೌದಲ್ವಾ ಅಂದುಕೊಂಡೆ! ಆಮೇಲೆ ನೀವೆಲ್ಲ ಹೇಳಿದ ಹಾಗೆ ನೇಮಕಾತಿ ಪತ್ರ ಹುಡುಕಿ ತೆಗೆದೆ. ಐದನೇ ಪುಟದಲ್ಲಿತ್ತು: ಕೆಲಸದ ಒಪ್ಪಂದ ಕೊನೆಗೊಳಿಸುವವರು ಕಂಪನಿಯೋ ನೌಕರರೋ, ಯಾರೇ ಆಗಲಿ, 60 ದಿನದ ನೋಟಿಸ್ ಅಥವಾ ಅಷ್ಟು ದಿನದ ಸಂಬಳ ಕೊಡಬೇಕು. "ಯಾರೇ ಆಗಲಿ" ಅನ್ನೋದರ ಕೆಳಗೆ ಗೆರೆ ಎಳೆದು, ಫೋಟೋ ಹಿಡಿದು ಮೇಲ್ ಮಾಡಿದೆ. ಫೋನಲ್ಲಿ ಮಾತಾಡೋಣ ಅಂದ್ರು, ಮೇಲ್‌ನಲ್ಲೇ ಉತ್ತರಿಸಿ ಅಂದೆ. ಅಲ್ಲಿಂದ ಧಾಟಿಯೇ ಬದಲಾಯ್ತು.

ಜೊತೆಗೆ ತೆಗೆದ ಕಾರಣವನ್ನೂ ಬರಹದಲ್ಲಿ ಕೇಳಿದ್ದೆ. ಗಂಭೀರ ದುರ್ನಡತೆ ಸಾಬೀತಾಗಿದ್ರೆ ಈ ಸಂಬಳಕ್ಕೇ ಕುತ್ತು ಬರ್ತಿತ್ತು. ಅಂಥದ್ದೇನೂ ಅವರ ಹತ್ರ ಇರಲಿಲ್ಲ.

23 ದಿನದ ಸಂಬಳ, ಬಳಸದೆ ಉಳಿದ 11 ರಜೆಯ ಹಣ ಎರಡೂ ಬಂತು. ಬೋನಸ್ ಇಲ್ಲ, ಕೊಡುವ ದಿನ ಕೆಲಸದಲ್ಲಿರಬೇಕು ಅನ್ನೋ ಷರತ್ತಿಗೆ ನಾನೇ ಸಹಿ ಹಾಕಿದ್ದೆ.

ರಿಲೀವಿಂಗ್ ಲೆಟರ್‌ನಲ್ಲಿ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಮೊದಲು "ವಜಾ" ಅಂತ ಬರೆದಿದ್ರು. ರಾಜೀನಾಮೆ ಒಪ್ಪಿದ ಮೇಲ್ ತೋರಿಸಿದ ಮೇಲೆ ತಿದ್ದಿದ್ರು. ನಿನ್ನೆ ಹೊಸ ಪ್ರತಿ ಕೈಸೇರಿತು, ನನ್ನ ಹೆಸರಲ್ಲಿ ಒಂದು ಅಕ್ಷರ ತಪ್ಪು. ಮತ್ತೆ ಮೇಲ್ ಹಾಕಿದ್ದೀನಿ.